ಟೊಮೆ ಅಂದ್ರೆ ಸಾಕವ್ವ

ಫೋನಿನಲ್ಲಿ ತಮ್ಮ ಹೇಳಿದ ಹೆಸರು ಕೇಳಿ ತ್ರಿವೇಣಿಗೆ ಮೊದಲು ನಗು ಬಂತು. ಆಮೇಲೆ ಮೈಯೆಲ್ಲ ಉರಿದುಹೋಯಿತು.

"ಇನ್ನೊಮ್ಮೆ ಹೇಳು ನೋಡೋಣ," ಅಂದಳು.

"ಟೊಮೆ," ಅಂದ ಮಹೇಶ. "ಜಪಾನೀ ಹೆಸರು. ಭಾಳ ಸಣ್ಣದೈತಿ. ಸ್ಕೂಲಿನ್ಯಾಗ ಯಾರೂ ನಾಲಿಗಿ ತಿರುವಿಕೊಳ್ಳೂದು ಬ್ಯಾಡ. ಮಧುಶ್ರೀಗೂ ಲೈಕ್ ಆಗೇತಿ. ಶನಿವಾರ ತೊಟ್ಟಿಲಾ ಇಟ್ಕೊಂಡೀವಿ. ಇಲ್ಲಿರೂ ಸೋದರತ್ತಿ ಅಂದ್ರ ನೀನ, ಕಿವ್ಯಾಗ ಹೆಸರು ಹೇಳಾಕ ನೀನ ಬರಬೇಕು."

"ಬರತೀನಿ. ಅರ್ಥ ಏನಂತ ಹೇಳೀಯೋ ಮಧುಶ್ರೀಗೆ?"

"ರತ್ನ," ಅಂದ ಮಹೇಶ, ಮೆಲ್ಲಗೆ.

"ಖರೇ ಅರ್ಥ ಗೊತ್ತೈತಿಲ್ಲೋ ನಿನಗ?"

"ಅಕ್ಕಾ, ಅವ್ವನ ಹಟ ನಿನಗ ಗೊತ್ತಿಲ್ಲೇನು? ಮೂರನೇದೂ ಹೆಣ್ಣಾತು ಅಂತ ಮಾರಿ ಗಂಟು ಹಾಕ್ಕೊಂಡು ಕುಂತಾಳ. ಸಾಕವ್ವ ಅಂತ ಇಡ್ರಿ, ಮುಂದಿಂದು ಗಂಡ ಆಗತೈತಿ ಅಂತಾಳ. ಈ ಪರದೇಶದ ಮಿಲ್ ಕ್ರೀಕಿನ್ಯಾಗ ಸಾಕವ್ವ ಅಂತ ಇಡಾಕ ಬರತೈತೇನು? ಅದಕ್ಕ ನೆಟ್‌ನ್ಯಾಗ ಹುಡುಕಿದೆ. ಜಪಾನದಾಗೂ ಹಿಂದ ಹಂಗ ಇಡ್ತಿದ್ರಂತ. ಟೊಮೆ ಅಂದ್ರ ನಿಲ್ಲಿಸು, ಇನ್ನ ಸಾಕು ಅಂತ. ಅವ್ವಗ ಅರ್ಥ ಸಿಕ್ತು, ಮಧುಶ್ರೀಗೆ ಸ್ಟೈಲ್ ಸಿಕ್ತು. ಇದರಾಗ ಯಾರಿಗೇನ ನಷ್ಟ?"

ನೋಡಿ ಬುದ್ಧಿ! ದೊಡ್ಡ ಕಂಪನಿಯಲ್ಲಿ ಕೂತು ಲೋಕದ ಕಷ್ಟಕ್ಕೆಲ್ಲ ದಾರಿ ಹುಡುಕುವವನು ಹೆಂಡತಿಯ ಕಿವಿಗೆ ಹೂವು, ಅವ್ವನ ಬಾಯಿಗೆ ಸಕ್ಕರೆ, ಎರಡನ್ನೂ ಒಂದೇ ಏಟಿಗೆ ಇಟ್ಟುಬಿಟ್ಟಿದ್ದ. ನಡುವೆ ಒಂದು ಕೂಸು ಇದೆ ಅನ್ನುವುದು ಮಾತ್ರ ಆ ಮಹಾನುಭಾವನ ಲೆಕ್ಕಕ್ಕೇ ಬಂದಿರಲಿಲ್ಲ.

"ಮಹೇಶಾ, ಶನಿವಾರದೊಳಗ ಮಧುಶ್ರೀಗೆ ಖರೇ ಅರ್ಥ ನೀನ ಹೇಳು," ಅಂದಳು ತ್ರಿವೇಣಿ. "ನೀ ಹೇಳಲಿಲ್ಲಂದ್ರ ತೊಟ್ಟಿಲ ಮುಂದ ನಾ ಹೇಳತೀನಿ. ಆಮ್ಯಾಲ ನನ್ನ ಅನಬ್ಯಾಡ."

"ಅಕ್ಕಾ, ಅಕ್ಕಾ, ಒಂದ್ನಿಮಿಷ..."

ತ್ರಿವೇಣಿ ಫೋನ್ ಇಟ್ಟೇಬಿಟ್ಟಳು.

ಅವಳಿಗೆ ಇಷ್ಟು ಸಿಟ್ಟು ಬರಲು ಕಾರಣವಿತ್ತು. ಗದಗಿನ ನೀಲಕಂಠಪ್ಪ, ಕಮಲವ್ವ ದಂಪತಿಗೆ ಅವಳೇ ಮೂರನೇ ಹೆಣ್ಣು. ಆ ಕಡೆ ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದರೆ ಸಾಕವ್ವ ಅಂತ ಹೆಸರಿಡುತ್ತಿದ್ದರು. ದೇವರೇ, ಹೆಣ್ಣು ಕೊಟ್ಟಿದ್ದು ಸಾಕು, ಇನ್ನು ಗಂಡು ಕೊಡಪ್ಪಾ ಅಂತ ಅರ್ಜಿ. ಆ ಅರ್ಜಿಯನ್ನು ಹಾಳೆಯ ಮೇಲೆ ಬರೆಯುವುದು ಬಿಟ್ಟು ಮಗುವಿನ ಮೇಲೆ ಬರೆಯುತ್ತಿದ್ದರು, ಅಷ್ಟೇ. ತೊಟ್ಟಿಲಲ್ಲಿ ತ್ರಿವೇಣಿಗೆ ಇಟ್ಟ ಹೆಸರು ಸಾಕವ್ವ. ಶಾಲೆಗೆ ಸೇರಿಸುವಾಗ ಮಾಸ್ತರು ಪುಣ್ಯಾತ್ಮರು, ಇದೆಂಥಾ ಹೆಸರ್ರೀ ಅಂದು ತಾವೇ ತ್ರಿವೇಣಿ ಅಂತ ಬರೆದುಕೊಂಡರು. ಮನೆಯಲ್ಲಿ ಮಾತ್ರ ಸಾಕಿ ಸಾಕಿಯಾಗೇ ಉಳಿದಳು. "ಸಾಕೀ, ನೀರ ತಾ." "ಸಾಕೀ, ಬಾಗಲಾ ತಗಿ."

ಅದರ ಮೇಲೆ ಒಂದು ಕೆಟ್ಟ ಗಳಿಗೆಯಲ್ಲಿ ಅವಳ ಬೆನ್ನಿಗೆ ಮಹೇಶ ಹುಟ್ಟಿಬಿಟ್ಟ! ಇನ್ನೇನು ಬೇಕು? ಯಾರ ಮದುವೆಗೆ ಹೋಗಲಿ, ಯಾರ ಮನೆಯ ಬಸುರಿಯ ಕುಬಸಕ್ಕೆ ಹೋಗಲಿ, ಕಮಲವ್ವ ಮಗಳನ್ನು ಮುಂದೆ ನೂಕಿ, "ಇಕಿ ಹೆಸರಿನ ಪುಣ್ಯೇನ ನೋಡ್ರಿ, ಗಂಡಮಗ ಬಂದ," ಅನ್ನುತ್ತಿದ್ದಳು. ಬಂದ ಹೆಂಗಸರೆಲ್ಲ ಕಣ್ಣರಳಿಸಿ ನೋಡುತ್ತಿದ್ದದ್ದು ಇವಳನ್ನಲ್ಲ, ಇವಳ ಹಿಂದೆ ಬಂದವನನ್ನು. ತ್ರಿವೇಣಿ ಓದಿದಳು, ಇಂಜಿನಿಯರ್ ಆದಳು, ಬೆಲ್ವ್ಯೂದಲ್ಲಿ ದೊಡ್ಡ ಟೀಮಿಗೆ ಮ್ಯಾನೇಜರ್ ಆದಳು. ಆದರೂ ಅವ್ವ ಫೋನ್ ಮಾಡಿ "ಸಾಕೀ" ಅಂದರೆ ಇವತ್ತಿಗೂ ಎದೆಯಲ್ಲಿ ಚುಳುಕ್ ಅನ್ನುತ್ತಿತ್ತು. ಹೇಳಿಕೊಂಡಿರಲಿಲ್ಲ, ಅಷ್ಟೇ.

ಟೊಮೆ ಅನ್ನುವ ಹೆಸರಿನ ಹುಟ್ಟು ಗೊತ್ತಾಗಲು ಅವಳಿಗೆ ನೆಟ್ ಬೇಕಿರಲಿಲ್ಲ. ಆ ಹೆಸರಿನ ಜೀವಂತ ಅಜ್ಜಿ ಅವಳ ಪಕ್ಕದ ಫ್ಲ್ಯಾಟಿನಲ್ಲೇ ಇದ್ದಳು. ವಯಸ್ಸು ತೊಂಬತ್ತು ದಾಟಿತ್ತು, ಎತ್ತರ ತ್ರಿವೇಣಿಯ ಭುಜದವರೆಗೆ, ದನಿ ಮಾತ್ರ ಇಡೀ ಮಹಡಿಗೆ ಕೇಳುವಂಥದ್ದು. ಒಂದು ದಿನ ಲಿಫ್ಟು ಕೆಟ್ಟು ಇಬ್ಬರೂ ಕೆಳಗಿನ ಲಾಬಿಯಲ್ಲಿ ಕಾಯುತ್ತ ಕೂತಾಗ ಅಜ್ಜಿಯೇ ಕೇಳಿದ್ದಳು, ತ್ರಿವೇಣಿ ಅಂದರೆ ಏನು ಅಂತ. ಮೂರು ಹೊಳೆ ಕೂಡುವ ಜಾಗ ಅಂತ ಹೇಳಿ ಸುಮ್ಮನಾಗಬಹುದಿತ್ತು. ಯಾಕೋ ಬಾಯಿ ತಡೆಯಲಿಲ್ಲ, ಸಾಕವ್ವನ ಕಥೆಯನ್ನೂ ಹೇಳಿಬಿಟ್ಟಳು. ಗಂಡ ವಿಜಯಕುಮಾರನಿಗೂ ಅಷ್ಟು ಬಿಚ್ಚಿ ಹೇಳಿರಲಿಲ್ಲ.

ಅಜ್ಜಿ ನಗುತ್ತಾಳೆ ಅಂದುಕೊಂಡರೆ, ಅವಳು ತ್ರಿವೇಣಿಯ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಹಾಗಾದರೆ ನಾವಿಬ್ಬರೂ ಒಂದೇ ಹೆಸರಿನವರು ಕಣೇ ಹುಡುಗಿ," ಅಂದಳು ತನ್ನ ಇಂಗ್ಲಿಷಿನಲ್ಲಿ. "ಟೊಮೆ ಅಂದರೂ ಅದೇ. ನಿಲ್ಲಿಸು. ಇನ್ನು ಮಕ್ಕಳು ಸಾಕು ಅನ್ನಿಸಿದಾಗ ಹಿಂದಿನವರು ಇಡುತ್ತಿದ್ದ ಹೆಸರು. ನನಗೆ ಮುಂಚೆ ನಾಲ್ಕು ಹೆಣ್ಣು. ನಾನು ಹುಟ್ಟಿದ ದಿನ ಅಪ್ಪ ಹೊಲದಿಂದ ಬಂದು, ನೋಡಿ, ಟೊಮೆ ಅಂದನಂತೆ. ವಾಪಸ್ ಹೊಲಕ್ಕೆ ಹೋದನಂತೆ."

"ಮತ್ತೆ ನಿಂತಿತಾ ಅಜ್ಜಿ?"

"ಎಲ್ಲಿಯ ನಿಲ್ಲೋದು! ಮತ್ತೊಬ್ಬಳು ಹುಟ್ಟಿದಳು. ಅವಳಿಗೆ ಸುಯೆ ಅಂತ ಇಟ್ಟ. ಅಂದರೆ ಕಟ್ಟಕಡೆಯವಳು. ಅವಳ ಮೇಲೂ ಒಬ್ಬಳು ಬಂದಳು. ಅಷ್ಟು ಹೊತ್ತಿಗೆ ಅಪ್ಪನಿಗೇ ಸುಸ್ತಾಗಿತ್ತು. ಹಾನಾ ಅಂತ ಇಟ್ಟುಬಿಟ್ಟ. ಹೂವು ಅಂತ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಈಗ ಗಾಜಿನ ಗೋಪುರಗಳು ನಿಂತಿರುವ ಬೆಲ್ವ್ಯೂದಲ್ಲಿ ಅಜ್ಜಿಯ ಬಾಲ್ಯದಲ್ಲಿ ಜಪಾನೀ ಮನೆತನಗಳ ಸ್ಟ್ರಾಬೆರಿ ಹೊಲಗಳಿದ್ದವು. ಜಪಾನಿನ ಜೊತೆ ಯುದ್ಧ ಬಂದಾಗ ಇಲ್ಲಿನ ಸರ್ಕಾರ ಅವರನ್ನೆಲ್ಲ ಎಬ್ಬಿಸಿ ದೂರದ ಶಿಬಿರಗಳಿಗೆ ಹಾಕಿತು. ಶಿಬಿರದ ಶಾಲೆಯಲ್ಲಿ ಟೀಚರೊಬ್ಬರು, ನಿನ್ನ ಹೆಸರು ಕಷ್ಟ, ಇವತ್ತಿಂದ ನೀನು ಡೊರೊಥಿ ಅಂದರಂತೆ. ಒಂಬತ್ತು ವರ್ಷದ ಹುಡುಗಿ ಎದ್ದು ನಿಂತು, ಮನೆ ಕಿತ್ತುಕೊಂಡಿರಿ, ಹೊಲ ಕಿತ್ತುಕೊಂಡಿರಿ, ಹೆಸರು ಕೊಡೋದಿಲ್ಲ ಅಂದಳಂತೆ. ಕೆಟ್ಟ ಹೆಸರೇ ಇರಬಹುದು, ಆದರೆ ಅದನ್ನು ಬೈಯುವ ಹಕ್ಕು ನನ್ನದು, ನಿಮ್ಮದಲ್ಲ!

ದೊಡ್ಡವಳಾದ ಮೇಲೆ ಟೊಮೆ ಮಾಡಿದ ಕೆಲಸ ಕೇಳಿದರೆ ಯಾರಿಗಾದರೂ ಖುಷಿಯಾಗಬೇಕು. ಶಾಲೆಯ ಮುಂದಿನ ರಸ್ತೆಯಲ್ಲಿ ಕೆಂಪು ಫಲಕ ಹಿಡಿದು ಕಾರು ನಿಲ್ಲಿಸಿ, ಮಕ್ಕಳನ್ನು ದಾಟಿಸುವ ಕೆಲಸ. "ಅಪ್ಪ ನನಗೆ ನಿಲ್ಲು ಅಂದ," ಅನ್ನುತ್ತಿದ್ದಳು, "ನಾನು ಮೂವತ್ತು ವರ್ಷ ಊರಿಗೆಲ್ಲ ನಿಲ್ಲು ಅಂದೆ. ಒಬ್ಬನೂ ನಿಲ್ಲದೆ ಹೋಗಿಲ್ಲ."

ಮಹೇಶನ ಫೋನ್ ಇಟ್ಟವಳೇ ತ್ರಿವೇಣಿ ಹೋಗಿ ಆ ಅಜ್ಜಿಯ ಬಾಗಿಲು ಬಡಿದಳು. ವಿಷಯವೆಲ್ಲ ಹೇಳಿದಳು. ಅಜ್ಜಿ ಟೀ ಬಟ್ಟಲು ಕೆಳಗಿಟ್ಟಳು.

"ನನ್ನ ಹೆಸರು ನಾನು ಹೊತ್ತೆ, ಯಾಕೆಂದರೆ ಬೇರೆ ದಾರಿ ಇರಲಿಲ್ಲ," ಅಂದಳು. "ಹೊತ್ತೂ ಹೊತ್ತೂ ನನ್ನ ಬೆನ್ನು ಗಟ್ಟಿಯಾಯಿತು, ಅದೂ ಸರಿ. ಹಾಗಂತ ಇನ್ನೊಂದು ಎಳೇ ಬೆನ್ನಿನ ಮೇಲೆ ಬೇಕು ಬೇಕಂತಲೇ ಹೊರಿಸೋದಾ? ಅದಕ್ಕೆ ಸುಳ್ಳು ಅರ್ಥ ಬೇರೆ! ಶನಿವಾರ ನನ್ನನ್ನೂ ಕರ್ಕೊಂಡು ಹೋಗು. ನನ್ನ ಹೆಸರು ಕದಿಯುವವರ ಮುಖ ನೋಡಬೇಕು."

ಶನಿವಾರ ವಿಜಯಕುಮಾರ ಡ್ರೈವ್ ಮಾಡಿದ. ಪಕ್ಕದ ಸೀಟಿನಲ್ಲಿ ಟೊಮೆ ಅಜ್ಜಿ, ಮಡಿಲಲ್ಲಿ ಒಂದು ಬುಟ್ಟಿ ಸ್ಟ್ರಾಬೆರಿ. ಹಿಂದೆ ಇಳಕಲ್ ಸೀರೆ ಉಟ್ಟ ತ್ರಿವೇಣಿ, ಮುಖ ಕೆಂಪಗೆ. "ಜಗಳ ಮಾಡಬೇಡ ಮಾರಾಯ್ತಿ, ಊಟ ಆದ ಮೇಲೆ ಮಾಡು," ಅಂತ ದಾರಿಯುದ್ದಕ್ಕೂ ಗಂಡನ ಗೊಣಗಾಟ. ಅವನ ಚಿಂತೆಯೆಲ್ಲ ಹೋಳಿಗೆ ಮೇಲೆ.

ಮಿಲ್ ಕ್ರೀಕಿನ ಮನೆ ತುಂಬ ಜನ. ನಡುಮನೆಯಲ್ಲಿ ಹೂವಿನ ಮಾಲೆ ಹಾಕಿದ ತೊಟ್ಟಿಲು. ಕೂಸಿಗಿಂತ ಮುಂಚೆ ತೊಟ್ಟಿಲಲ್ಲಿ ಮಲಗಿಸುವ ಗುಂಡುಕಲ್ಲನ್ನು ಕಮಲವ್ವ ಗದಗಿನಿಂದ ಸೂಟ್‌ಕೇಸಿನಲ್ಲೇ ತಂದಿದ್ದಳು. ಏರ್‌ಪೋರ್ಟಿನವರು ಇದೇನು ಅಂತ ಕೇಳಿದಾಗ "ಗುಂಡಪ್ಪ" ಅಂದಿದ್ದಳಂತೆ. ಅಡುಗೆಮನೆಯಲ್ಲಿ ಬಂದವರಿಗೆ ಹಂಚಲು ಕಾಳಿನ ಗುಗ್ಗರಿ ಕುದಿಯುತ್ತಿತ್ತು. ಮಹೇಶ ಅಕ್ಕನನ್ನು ಕಂಡವನೇ ಫ್ರಿಜ್ಜಿನ ಹಿಂದೆ ಸರಿದ.

"ಹೇಳೀಯೇನು?" ಅಂತ ತ್ರಿವೇಣಿ ಅವನ ಮುಂದೆಯೇ ಹೋಗಿ ನಿಂತಳು.

"ಫಂಕ್ಷನ್ ಮುಗೀಲಿ ಅಕ್ಕಾ. ಇಷ್ಟ ಮಂದ್ಯಾಗ..."

"ಆತು. ನಿನ್ನ ಪಾಳಿ ಮುಗೀತು."

ಅಷ್ಟರಲ್ಲಿ ಮಧುಶ್ರೀ ಕೂಸನ್ನೆತ್ತಿಕೊಂಡು ಹೊರಗೆ ಬಂದಳು. ಮೈಸೂರಿನ ಹುಡುಗಿ, ಮಾತು ಮೆದು, ಬಾಣಂತನದ ಸುಸ್ತು ಇನ್ನೂ ಕಣ್ಣಲ್ಲೇ ಇತ್ತು. ಆಸ್ಪತ್ರೆಯಲ್ಲಿ ಅವಳು ಕೂಸಿಗೆ ಅಕ್ಷಯಾ ಅಂತ ಇಡಬೇಕು ಅಂದಿದ್ದಳು. ಕಮಲವ್ವ ಎದೆ ಬಡಿದುಕೊಂಡಿದ್ದಳು. "ಅಕ್ಷಯ ಅಂದ್ರ ಮುಗೀಲಾರದ್ದು! ಹಂಗಿಟ್ರ ಈ ಮನ್ಯಾಗ ಹೆಣ್ಣು ಮುಗಿಯೂದ ಇಲ್ಲ!" ಮಧುಶ್ರೀ ಸುಮ್ಮನಾಗಿದ್ದಳು. ಅವಳು ಸುಮ್ಮನಾದದ್ದನ್ನೇ ಎಲ್ಲರೂ ಒಪ್ಪಿಗೆ ಅಂದುಕೊಂಡಿದ್ದರು.

ತ್ರಿವೇಣಿ ಪಕ್ಕದ ಮನೆಯ ಅಜ್ಜಿಯ ಪರಿಚಯ ಮಾಡಿಕೊಟ್ಟಳು. "ಅಕ್ಕಾ, ಇವರ ಹೆಸರೂ ಟೊಮೆ ಅಂತಾ?" ಮಧುಶ್ರೀಯ ಮುಖ ಅರಳಿತು. "ಅಯ್ಯೋ, ಎಷ್ಟು ಚೆನ್ನಾಗಿದೆ! ಇದೇ ಹೆಸರಿನವರೇ ಬಂದು ಹರಸೋ ಹಾಗಾಯ್ತು."

ಟೊಮೆ ಅಜ್ಜಿ ತ್ರಿವೇಣಿಯ ಮುಖ ನೋಡಿದಳು. ಈ ಹುಡುಗಿಯ ಖುಷಿಯನ್ನು ಇಷ್ಟು ಜನರ ನಡುವೆ ಒಡೆಯಬೇಕಲ್ಲ ಅಂತ ತ್ರಿವೇಣಿ ಬೇರೆ ಕಡೆ ಮುಖ ತಿರುಗಿಸಿದಳು.

ಹೆಂಗಸರು ತೊಟ್ಟಿಲ ಸುತ್ತ ನೆರೆದರು. ಗುಂಡಪ್ಪನನ್ನು ಮಲಗಿಸಿ ಎತ್ತಿದ್ದಾಯಿತು, ಕೂಸನ್ನು ಮಲಗಿಸಿದ್ದಾಯಿತು. ಇನ್ನು ಸೋದರತ್ತೆ ಬಗ್ಗಿ, ಕಿವಿಯಲ್ಲಿ ಕುರ್ರ್ ಅಂದು ಹೆಸರು ಹೇಳಬೇಕು. ಹೇಳಿದ ಕೂಡಲೇ ಹಿಂದೆ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಬಿತ್ತೆಂದರೆ ಹೆಸರು ಕೂತ ಹಾಗೆ. ಗದಗಿನಲ್ಲಾಗಲಿ ಮಿಲ್ ಕ್ರೀಕಿನಲ್ಲಾಗಲಿ, ಅದೇ ಪದ್ಧತಿ.

"ಹೂಂ, ಬಗ್ಗು," ಅಂದಳು ಕಮಲವ್ವ. ಆಮೇಲೆ ಮಗಳಿಗೆ ಮಾತ್ರ ಕೇಳುವ ಹಾಗೆ, "ಬಾಯ್ಲೆ ಟೊಮೆ ಅನ್ನು. ಮನಸ್ನ್ಯಾಗ ಸಾಕವ್ವ ಅಂತ ಅಂದ್ಕೋ. ದೇವರಿಗೆ ತಿಳೀತೈತಿ."

ತ್ರಿವೇಣಿ ಬಗ್ಗಿದಳು. ಕೂಸು ಎಚ್ಚರವಿತ್ತು. ಮಡಿಸಿಟ್ಟ ಎಳೆ ವೀಳ್ಯದೆಲೆಯಂಥ ಕಿವಿ. ಒಂದಾನೊಂದು ದಿನ ತನ್ನ ಕಿವಿಯೂ ಇಷ್ಟೇ ಇದ್ದಿರಬೇಕು. ಸೋದರತ್ತೆ ಸಿದ್ದಮ್ಮ ಹೀಗೇ ಬಗ್ಗಿ, ಹೀಗೇ ಬಾಯಿ ಹತ್ತಿರ ತಂದು, ನೀನು ಬೇಡವಾಗಿತ್ತು ಅಂತ ಹೇಳಿ, ನಾಲ್ಕು ಗುದ್ದು ತಿಂದು, ಗುಗ್ಗರಿ ತಿಂದು ಹೋದಳು. ಕೂಸಿಗೆ ಕಿವಿ ಮುಚ್ಚಿಕೊಳ್ಳಲು ಕೈ ಬರುತ್ತಿರಲಿಲ್ಲ.

ತ್ರಿವೇಣಿ ಸೆಟೆದು ನಿಂತಳು. "ನಾ ಹೇಳಂಗಿಲ್ಲ."

"ಏನಂದಿ?" ಅಂದಳು ಕಮಲವ್ವ.

"ಈ ಹೆಸರು ನನ್ನ ಬಾಯಿಂದ ಹೊರಡಂಗಿಲ್ಲ ಅಂದೆ. ಮಧುಶ್ರೀ, ಟೊಮೆ ಅಂದ್ರೆ ರತ್ನ ಅಲ್ಲಮ್ಮಾ. ಟೊಮೆ ಅಂದ್ರೆ ಸಾಕವ್ವ. ಹೆಣ್ಣು ಸಾಕು, ನಿಲ್ಲಿಸು ಅಂತ. ನಿನ್ನ ಗಂಡ ಗೊತ್ತಿದ್ದೇ ಇಟ್ಟಿದ್ದು. ಅವ್ವನಿಗೂ ಗೊತ್ತು. ಗೊತ್ತಿಲ್ಲದವಳು ನೀನೊಬ್ಬಳೇ."

ಮಧುಶ್ರೀ ಗಂಡನ ಕಡೆ ತಿರುಗಿದಳು. ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ ಮಹೇಶನ ಕೈ ಹಾಗೇ ಗಾಳಿಯಲ್ಲಿತ್ತು.

"ರತ್ನ ಅಂದ್ರಲ್ಲ?"

ಮಹೇಶ ಫೋನ್ ಕೆಳಗಿಳಿಸಿದ. "ಅದು... ಕೆಲವು ಸೈಟಿನಲ್ಲಿ..."

"ರತ್ನ ಅಂದ್ರಿ," ಅಂದಳು ಮಧುಶ್ರೀ ಮತ್ತೆ. ಅವಳ ಇಬ್ಬರು ದೊಡ್ಡ ಹೆಣ್ಣುಮಕ್ಕಳು ಅಮ್ಮನ ಸೆರಗು ಹಿಡಿದು ನಿಂತಿದ್ದರು. ದೊಡ್ಡವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಅವಳ ಮುಖ ನೋಡಿದವರಿಗೆ ಬೇರೆ ಮಾತು ಬೇಕಿರಲಿಲ್ಲ.

"ಅದರಾಗೇನ ತಪ್ಪೈತಿ?" ಕಮಲವ್ವ ಸೊಂಟಕ್ಕೆ ಸೆರಗು ಸಿಗಿಸಿದಳು. "ನಾ ಏನ ಕೂಸಿಗೆ ವಿಷಾ ಹಾಕಂದ್ನೇನು? ಇಕಿಗೆ ಸಾಕವ್ವ ಅಂತ ಇಟ್ಟೆ, ಮಹೇಶ ಹುಟ್ಟಿದ. ಕಣ್ಣಮುಂದ ಐತಿ!"

ತ್ರಿವೇಣಿ ಟೊಮೆ ಅಜ್ಜಿಗೆ ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ಅಜ್ಜಿ ಕುರ್ಚಿಯಲ್ಲಿ ಕೂತೇ ತನ್ನ ದೊಡ್ಡ ದನಿಯಲ್ಲಿ ಉತ್ತರ ಕೊಟ್ಟಳು. ತ್ರಿವೇಣಿ ಅದನ್ನು ಕನ್ನಡಕ್ಕೆ ತಂದಳು.

"ಕೇಳವ್ವಾ. ಈ ಅಜ್ಜಿಗೆ ಅವರಪ್ಪ ನಿಲ್ಲಿಸು ಅಂತ ಇಟ್ಟ, ಮತ್ತೊಂದು ಹೆಣ್ಣು ಹುಟ್ಟಿತು. ಅದಕ್ಕ ಕಡೀದು ಅಂತ ಇಟ್ಟ, ಅದರ ಮ್ಯಾಲೂ ಹೆಣ್ಣ ಹುಟ್ಟಿತು. ಹೆಸರಿಗಿ ಹೆದರಿ ಯಾರೂ ಹೊಟ್ಟ್ಯಾಗ ನಿಂದ್ರಲಿಲ್ಲ!"

ಸೋಫಾದ ತುದಿಯಲ್ಲಿ ಕೂತಿದ್ದ ಅಪ್ಪ ನೀಲಕಂಠಪ್ಪ ಖೊಕ್ ಅಂತ ನಕ್ಕುಬಿಟ್ಟ. "ನಾ ಮೊದಲ ಹೇಳಿದ್ನಿ, ಟೊಮೆಟೊ ಅನ್ನಾಕ ಹೋಗಿ ಅರ್ಧಕ್ಕ ಬಿಟ್ಟಂಗ ಐತಿ ಅಂತ," ಅಂದ. ಹೆಂಡತಿಯ ಕಣ್ಣು ಕಂಡು ಅಲ್ಲಿಗೇ ನಿಲ್ಲಿಸಿದ.

ಎಲ್ಲರೆದುರು ಮುಖಭಂಗವಾದ ಕಮಲವ್ವನಿಗೆ ಈಗ ಹಿಂದೆಮುಂದೆ ಕಾಣಲಿಲ್ಲ. "ನೀ ಹೇಳದಿದ್ರ ಬಿಡು, ನಾನ ಹೇಳತೀನಿ ಕಿವ್ಯಾಗ!" ಅಂತ ತೊಟ್ಟಿಲ ಕಡೆ ನುಗ್ಗಿದಳು.

ಟೊಮೆ ಅಜ್ಜಿ ಎದ್ದಳು. ಏನೂ ಅನ್ನಲಿಲ್ಲ. ತೊಟ್ಟಿಲಿಗೂ ಕಮಲವ್ವನಿಗೂ ನಡುವೆ ಬಂದು, ಬಲಗೈ ಎತ್ತಿ, ಅಂಗೈ ಮುಂದೆ ಮಾಡಿ ನಿಂತಳು. ಮೂವತ್ತು ವರ್ಷ ಟ್ರಕ್ಕು ಬಸ್ಸುಗಳನ್ನು ನಿಲ್ಲಿಸಿದ ಕೈ ಅದು. ಕಮಲವ್ವ ಗಕ್ಕನೆ ನಿಂತಳು. ಯಾಕೆ ನಿಂತೆ ಅಂತ ಅವಳಿಗೂ ಗೊತ್ತಾಗಲಿಲ್ಲ.

ಆಗ ಮಧುಶ್ರೀ ಬಾಯಿಬಿಟ್ಟಳು. ಮಾತು ತಡವರಿಸಲಿಲ್ಲ. "ಅಕ್ಕಾ, ನನ್ನ ಮಗಳ ಹೆಸರು ಅಕ್ಷಯಾ. ಹೇಳಿ ಅವಳಿಗೆ."

ತ್ರಿವೇಣಿ ಬಗ್ಗಿದಳು. ಪಿಸುಗುಟ್ಟುವುದು ಪದ್ಧತಿ, ಅವಳು ಪಿಸುಗುಟ್ಟಲಿಲ್ಲ. "ಕುರ್ರ್‌ರ್‌ರ್... ಅಕ್ಷಯಾ! ಮುಗೀಲಾರದಾಕಿ! ನಿನ್ನ ಯಾರಿಗೂ ನಿಲ್ಲಿಸಾಕ ಆಗಂಗಿಲ್ಲ!" ಅಂತ ಇಡೀ ಮನೆಗೆ ಕೇಳುವ ಹಾಗೆ ಹೇಳಿದಳು. ಕೂಸು ಬೆಚ್ಚಿ, ಬಾಯಿ ಸೊಟ್ಟ ಮಾಡಿ, ಅಳಲೋ ಬೇಡವೋ ಅಂತ ಯೋಚಿಸಿತು.

ಬೆನ್ನಿಗೆ ಗುದ್ದು ಬೀಳಲಿಲ್ಲ. ಹೆಂಗಸರೆಲ್ಲ ಕಮಲವ್ವನ ಮುಖ ನೋಡುತ್ತ ಕೈ ಕಟ್ಟಿ ನಿಂತಿದ್ದರು. ತ್ರಿವೇಣಿ ಬಗ್ಗಿಯೇ ಇದ್ದಳು. ಆಗ ಸಣ್ಣದೊಂದು ಮುಷ್ಟಿ ಬಂದು ಬಿತ್ತು. ಮಧುಶ್ರೀಯ ದೊಡ್ಡ ಮಗಳದು. ಅವಳ ಹಿಂದೆ ತಂಗಿಯದು. ಆಮೇಲೆ ಟೊಮೆ ಅಜ್ಜಿ, ಇದೆಂಥ ಪದ್ಧತಿ ಅಂತ ಕೇಳದೆ, ಒಂದು ಕೊಟ್ಟಳು. ಆಮೇಲೆ ಎಲ್ಲರೂ. ನಗುವೋ ನಗು, ಗುದ್ದೋ ಗುದ್ದು.

ಕಮಲವ್ವ ಒಬ್ಬಳೇ ಗೋಡೆಗೆ ಒರಗಿ ನಿಂತಿದ್ದಳು. ತ್ರಿವೇಣಿ ಬೆನ್ನು ನೀವಿಕೊಳ್ಳುತ್ತ ಹೋಗಿ ಎದುರು ನಿಂತಳು.

"ಆ ಹೆಸರು ನಿನಗ ಅಷ್ಟ ಚುಚ್ಚತಿತ್ತೇನ?" ಅಂದಳು ಕಮಲವ್ವ. ಸಿಟ್ಟು ಇಳಿದಿರಲಿಲ್ಲ, ಆದರೆ ದನಿ ಇಳಿದಿತ್ತು.

"ಹೂಂ ಅವ್ವಾ. ದಿನಾ ಚುಚ್ಚತಿತ್ತು."

"ಮತ್ತ ಒಮ್ಮೆರ ಹೇಳಬೇಕಿತ್ತಿಲ್ಲ?"

"ಈಗ ಹೇಳಾಕತ್ತೀನಿ. ಸಾಕವ್ವನ್ನ ವಾಪಸ್ ತಗೋ." ತ್ರಿವೇಣಿ ತೊಟ್ಟಿಲ ಪಕ್ಕದ ಚಾಪೆಯ ಮೇಲೆ ಕೂತು, ಕಿವಿಯ ಮೇಲಿನ ಕೂದಲು ಹಿಂದೆ ಸರಿಸಿದಳು. "ಕಿವಿ ಇಲ್ಲೇ ಐತಿ. ಹೊಸಾದಾಗಿ ಹೇಳು."

"ಹುಚ್ಚಿ! ಹಡದಾಕಿ ಹೇಳಬಾರದು. ಸೋದರತ್ತಿ ಹೇಳಬೇಕು."

"ಸಿದ್ದಮ್ಮತ್ತಿ ಸತ್ತಾಳ. ಇಟ್ಟಾಕಿ ನೀನ, ತಗಿಯಾಕಿನೂ ನೀನ. ನಾ ಏಳಂಗಿಲ್ಲ."

ಅವಳು ಏಳಲಿಲ್ಲ. ಮ್ಯಾನೇಜರಮ್ಮ ಇಳಕಲ್ ಸೀರೆಯಲ್ಲಿ ಚಾಪೆ ಹಿಡಿದು ಕೂತುಬಿಟ್ಟಳು. ಗುಗ್ಗರಿ ಆರಿತು. ವಿಜಯಕುಮಾರ ಎರಡು ಸಲ ಕೆಮ್ಮಿದ. ಕಮಲವ್ವ ಗೋಡೆ ನೋಡಿದಳು, ತೊಟ್ಟಿಲು ನೋಡಿದಳು, ಕೂದಲಲ್ಲಿ ಬೆಳ್ಳಿ ಇಣುಕುತ್ತಿದ್ದ ಮಗಳ ತಲೆ ನೋಡಿದಳು. ಆಮೇಲೆ ಮಂಡಿ ಹಿಡಿದುಕೊಂಡು, "ಯವ್ವಾ, ಯವ್ವಾ" ಅನ್ನುತ್ತ ಕೆಳಗೆ ಕೂತಳು. ಬಗ್ಗಿದಳು. ಬಾಯಿ ಮಗಳ ಕಿವಿಗೆ ತಂದಳು.

"ಕುರ್ರ್," ಅಂದಳು. ಅಷ್ಟಕ್ಕೇ ನಿಲ್ಲಿಸಿ ಮಗಳ ಕೂದಲು ಇನ್ನಷ್ಟು ಹಿಂದೆ ಸರಿಸಿದಳು. ಮತ್ತೆ ಶುರುಮಾಡಿದಳು. "ಕುರ್ರ್... ತ್ರಿವೇಣಿ."

ಹೆಸರು ಹೇಳಿದವಳ ಬೆನ್ನಿಗೆ ಗುದ್ದಬೇಕು. ಆದರೆ ಕಮಲವ್ವನ ಬೆನ್ನಿಗೆ ಗುದ್ದುವ ಧೈರ್ಯ ಯಾರಿಗಿದೆ? ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಧುಶ್ರೀ ಮುಂದೆ ಬಂದಳು. ಸೆರಗನ್ನು ಸೊಂಟಕ್ಕೆ ಸಿಗಿಸಿದಳು, ಅತ್ತೆಯ ಹಾಗೇ. ಕೈ ಎತ್ತಿ, ಮುಷ್ಟಿ ಕಟ್ಟಿ, ಅತ್ತೆಯ ಬೆನ್ನಿಗೆ ಮನಸಾರೆ ಒಂದು ಗುದ್ದಿದಳು.